ಹಾವಸಿ

ಉಪ್ಪಿನ ಚೀಲ ಬೆಳಗಾವಿಯಿಂದ ಬಸ್ಸಿಗೆ ಬಂತು.
ಕಂಡಕ್ಟರ್ ಬಿಲ್ಲು ನೋಡಿ,
ಉಪ್ಪಿಗೆ ಇಷ್ಟು ರೊಕ್ಕ! ಬಂಗಾರದ್ದೇನ್ರಿ? ಅಂದ.
ಸಮುದ್ರದ್ದು, ಅಂದೆ.
ಅಂವ ಸುಮ್ಮನ ಲಗೇಜಿನ ಚೀಟಿ ಹರದು ಕೊಟ್ಟ.

ಬಾಗಲಕೋಟಿ ನವನಗರ. ಮುಂದಿನ ಕೋಲಿಯೊಳಗ ಮೂರು ಫೂಟಿನ ಗಾಜು,
ಗೋಡಿ ಆ ಕಡೆ ನನ್ನ ಮೋಟರ್ ವೈಂಡಿಂಗ್ ಅಂಗಡಿ.
ಘಟ್ಟ ಇಳದು ಕಡಲು ಕಂಡಾಂವ ಅಲ್ಲ ನಾ.
ಬಕೀಟಿನಾಗ ಕದಡಿ, ತೂಕ ನೋಡಿ,
ನಾಲಿಗಿಗೆ ಒಂದು ಹನಿ ಹಚ್ಚಿ,
ಹಿಂಗಿರಬೇಕು ಅಂದುಕೊಂಡೆ.

ಹದಿನೇಳನೇ ದಿನ ಉಸುಕಿನ ಮ್ಯಾಲ ಕಂದು ಧೂಳು.
ಚಾ ಚೆಲ್ಲೀರೇನು? ಅಂದ್ಳು ಕಸ್ತೂರಿ.
ಒರಸಿದೆ.
ಮುಂಜಾನೆ ಮತ್ತ ಚಾ.

ಆಮ್ಯಾಲ ಹಸರು:
ಮೊದಲು ಹುಡುಗರ ಚಿಗುರುಮೀಸಿಯಷ್ಟು,
ಆಮ್ಯಾಲ ಕೂದಲು, ಆಮ್ಯಾಲ ಜಡಿ.
ಪಂಪಿನ ಸೆಳವಿಗೆ ಹಿಂಗಾರಿ ಜೋಳದಂಗ ತೂಗತಿತ್ತು.
ಸುಳ್ಳ್ಯಾಕ ಹೇಳಲಿ, ಚೆಂದ ಕಾಣತಿತ್ತು,
ಕಲ್ಲು ಕಾಣವಲ್ದಾಗುವ ತನಕ.

ಮೋಟರ್ ಸುಟಗೊಂಡು ಬಂದಿದ್ದ ದ್ರಾಕ್ಷಿ ತೋಟದ ಯಮನಪ್ಪ
ಗಾಜಿಗೆ ಮೂಗು ಹಚ್ಚಿ ನೋಡಿ ಹೇಳಿದ:
ಒಂದು ಚಿಟಿಕಿ ಮೈಲುತುತ್ತ ಹಾಕ್ರಿ,
ರಾತ್ರಿ ಹಾಕಿದ್ರ ಮುಂಜಾನೆ ಸಾಫ್.

ಖರೇನ. ಸಾಫ್ ಆಗತೈತಿ.
ನಿನ್ನೆ ತಂದ ಆರು ಬಸವನಹುಳಾನೂ ಸಾಫ್.
ಅವುಗಳ ನೆತ್ತರಿನಾಗ ಮೊದಲ ತಾಮ್ರ ಐತಂತ,
ಹೊರಗಿಂದು ಒಂದು ಚೂರು ಬಂದ್ರೂ ತಾಳಂಗಿಲ್ಲಂತ.
ನನ್ನ ಕೈಯಿ ನೋಡಿಕೊಂಡೆ.
ದಿನಾ ಒಂಬತ್ತು ತಾಸು ತಾಮ್ರದ ತಂತಿ ಸುತ್ತೋ ಕೈ,
ಉಗುರಿನ ಸಂದಿಗೆಲ್ಲಾ ಅದರ ಮಿಂಚು.
ಅವತ್ತಿನಿಂದ ಮೊಣಕೈ ತನಕ ತೊಳಿತೇನಿ,
ಸಾಬಾಣಿಲ್ಲದ, ಬರೇ ನೀರಿಂದ,
ಗುಡಿಗೆ ಹೋಗೋವಾಗೂ ಹಿಂಗ ತೊಳದಾಂವ ಅಲ್ಲ.

ನಳದ ನೀರು ಬಿಟ್ಟೆ, ಮಷಿನ್ ನೀರು ಹಿಡದೆ.
ದೀಪ ಹನ್ನೆರಡು ತಾಸಿಂದ ಆರಕ್ಕ ಇಳಿಸಿದೆ.
ಹಳೇ ಹಲ್ಲುಬ್ರಷ್ಷಿಲೆ ತಿಕ್ಕಿ ತಿಕ್ಕಿ
ಕೂದಲಾ ಕಿತ್ತು ತಾಟಿನಾಗ ಹಾಕಿದ್ರ
ಕಸ್ತೂರಿ ಅಂತಾಳ, ಮೆಂತ್ಯೆ ಸೋಸಿದಂಗ ಐತಿ.
ಮಗಳು ಸುಗಂಧಾ ಮಾತ್ರ ಕದ್ದು ಕಾಳು ಉದುರಿಸೇ ಉದುರಿಸತಾಳ:
ಅಪ್ಪಾ, ಮೀನು ಬಾಯಿ ತಗೀತಾವ.
ಹಸದಿಲ್ಲವ್ವ, ಅವು ಉಸುರಾಡೋದ ಹಂಗ.
ನಂಬಂಗಿಲ್ಲ ಆಕಿ.

ಹಳೇ ಊರಾಗ ನಮ್ಮ ಅಂಗಡಿ ಮೆಟ್ಟಿಲಿಗೆ
ಹಿನ್ನೀರು ಬಂದ ವಾರಾನ ಹಾವಸಿ ಬಂದಿತ್ತು.
ಅಪ್ಪ ಜಾರಿ ಬಿದ್ದ, ಎದ್ದು ನಕ್ಕ,
ಕಿಸೇದಾಗಿನ ಪರಿಹಾರದ ಕಾಗದ ತೋದಿತ್ತು.
ಇಲ್ಲಿಗೆ ಬಂದಾಗ ಸೆಕ್ಟರ್ ಅಂದ್ರ
ನಂಬರ್ ಬರದ ಒಂದು ಕಲ್ಲು.
ನಮಕಿಂತ ಮೊದಲ ಜಾಲಿಕಂಟಿ ಬಂದಿತ್ತು, ನೊಣ ಬಂದಿದ್ವು,
ಚಾದ ಡಬ್ಬಿ ಬಂದಿತ್ತು.
ಖಾಲಿ ಜಾಗಾ ಯಾರ ಹಾದೀನೂ ಕಾಯಂಗಿಲ್ಲ.
ಯಾರು ಮೊದಲ ಬರತಾರ ಅವರ ಹೆಸರು ಕಳೆ ಅಂತ ಬರಕೋತೇವಿ.

ಇಷ್ಟೆಲ್ಲಾ ತಿಳದೂ ಬ್ರಷ್ ಕೆಳಗ ಇಟ್ಟಿಲ್ಲ.

ಐದನೇ ತಿಂಗಳು, ಕಲ್ಲಿನ ಮಗ್ಗಲಕ
ಸಾಸವಿ ಕಾಳಷ್ಟು ಗುಲಾಬಿ ಕಲೆ.
ಉಗುರಿಲೆ ಕೆರದೆ, ಬರಲಿಲ್ಲ.
ಮರುವಾರ ನಾಕು ಕಲೆ.
ಸಮುದ್ರ ನಮ್ಮನಿಗೆ ಒಗ್ಗಿತು ಅಂತ
ಬೆಳಗಾವಿ ಅಂಗಡಿಯಾಂವಗ ಫೋನ್ ಹಚ್ಚಿ ಹೇಳಿದೆ.
ಹೌದ್ರಿ, ಛಲೋ ಆತು, ಅದು ಬಂತಂದ್ರ ಟ್ಯಾಂಕ್ ಪಕ್ವ ಆದಂಗ, ಅಂದ.
ಏನ್ರಿ ಅದು?
ಅದೂ ಹಾವಸೀನ ರೀ.

ನಡುರಾತ್ರಿ ಟಕ್ ಅಂತ ಸಪ್ಪಳ:
ಗಾಜು ಏರಿದ ಬಸವನಹುಳ ಅಂಗಾತ ಬಿದ್ದೈತಿ.
ತಾನಾಗಿ ಮಗ್ಗಲಾಗಲಾರದ್ದು.
ಎದ್ದು, ಕತ್ತಲಾಗ ನಳ ಹುಡಿಕಿ,
ಮೊಣಕೈ ತನಕ ಕೈ ತೊಳಕೋತೇನಿ.